ಒಂದೇ ಮಾದರಿಯ ಎರಡು ಫೋನ್: ನನ್ನದರಲ್ಲಿ ಪುಟ ಸರಿ, ಅಪ್ಪಯ್ಯನದರಲ್ಲಿ ಪಕ್ಕಕ್ಕೆ ಜಾರುತ್ತದೆ

ತೋಟದಂಚು:

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಒಂದು ಸಣ್ಣ ಸಹಕಾರಿ ಸಂಘದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಸಂಬಳದ ಕೆಲಸವಲ್ಲ. ಅಪ್ಪಯ್ಯ ಅಲ್ಲಿ ಸದಸ್ಯ. 'ನಮ್ಮನೆ ಮಾಣಿಗೆ ಕಂಪ್ಯೂಟರ್ ಬರುತ್ತದೆ' ಎಂದು ಸಭೆಯಲ್ಲಿ ಒಪ್ಪಿಕೊಂಡು ಬಂದ. ನನಗೆ ಬರುವುದು ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ರೂಪ ಕೊಡುವ ಸಿಎಸ್‌ಎಸ್ ಅಷ್ಟೇ, ಅದೂ ಅರ್ಧಂಬರ್ಧ.

ಜನ ನೋಡಲು ಬರುವುದು ಒಂದೇ ಪುಟವನ್ನು. ಟೆಂಡರ್ ಮುಗಿದ ಮೇಲೆ ಆ ದಿನದ ಅಡಿಕೆ ದರ ಹಾಕುತ್ತೇವೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ತಟ್ಟಿಬೆಟ್ಟೆ ಎಂದು ಆರು ಸಾಲು. ವಿಧ, ಆವಕ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ಐದು ಕಾಲಂ. ಎಡಕ್ಕೆ ಸಂಘದ ಸೂಚನೆಗಳ ಪಟ್ಟಿ. ಇಷ್ಟೇ ಪುಟ.

ಸಮಸ್ಯೆ ಇದು. ನನ್ನ ಫೋನೂ ಅಪ್ಪಯ್ಯನ ಫೋನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡದ್ದು, ಮಾದರಿಯೂ ಒಂದೇ. ಬ್ರೌಸರ್ ಎರಡರಲ್ಲೂ ಕ್ರೋಮ್, ಆವೃತ್ತಿಯೂ ಒಂದೇ. ನನ್ನದರಲ್ಲಿ ಪುಟ ಅಚ್ಚುಕಟ್ಟಾಗಿ ಕೂರುತ್ತದೆ. ಅಪ್ಪಯ್ಯನದರಲ್ಲಿ ಲ್ಯಾಪ್‌ಟಾಪಿನ ಪುಟವೇ ಬಂದು ಎಡಕ್ಕೆ ಬಲಕ್ಕೆ ಜಾರುತ್ತದೆ. ರಾಶಿಯ ಸರಾಸರಿ ನೋಡಬೇಕೆಂದರೆ ಬೆರಳಿನಿಂದ ಎಳೆದುಕೊಂಡು ಹೋಗಬೇಕು, ಅಲ್ಲಿಗೆ ತಲುಪುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೇವೆ ಎಂಬುದೇ ತಪ್ಪಿಹೋಗಿರುತ್ತದೆ.

ನಾನು ಮಾಡಿಕೊಂಡಿರುವುದು: ಮೂಲ ಅಗಲ 1100 ಪಿಕ್ಸೆಲ್. ಅದರೊಳಗೆ ಗ್ರಿಡ್, ಅಂದರೆ ಪುಟವನ್ನು ಕಾಲಂಗಳಾಗಿ ಹಂಚುವ ಚೌಕಟ್ಟು; ಕಾಲಂಗಳು '250ಪಿಎಕ್ಸ್ 1ಎಫ್‌ಆರ್' (ಸೂಚನೆಗಳಿಗೆ 250 ಪಿಕ್ಸೆಲ್, ಉಳಿದದ್ದು ಕೋಷ್ಟಕಕ್ಕೆ). ಮೊಬೈಲಿಗೆಂದು ಏಳು ಮೀಡಿಯಾ ಕ್ವೆರಿ (ಪರದೆ ಇಷ್ಟು ಅಗಲವಿದ್ದರೆ ಹೀಗೆ ತೋರಿಸು ಎಂಬ ನಿಯಮ) ಬರೆದಿದ್ದೇನೆ: 360ರಿಂದ 374, 375ರಿಂದ 389, ಹೀಗೆ 390, 393, 412, 414, ಕೊನೆಗೆ 768. ಯಾವ ಫೋನಿಗೆ ಎಷ್ಟು ಅಗಲ ಎಂಬ ಪಟ್ಟಿಯೊಂದು ಸಿಕ್ಕಿತ್ತು, ಅದರಂತೆ ಬರೆದೆ. ಪ್ರತಿಯೊಂದರಲ್ಲೂ ಸೂಚನೆಗಳನ್ನು ಕೆಳಕ್ಕೆ ಇಳಿಸಿ, ಕೋಷ್ಟಕದ ಅಕ್ಷರವನ್ನು 11 ಪಿಕ್ಸೆಲ್‌ಗೆ ಇಳಿಸಿದ್ದೇನೆ. ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇದೆ; ಪುಟ ಅಲುಗಾಡಬಾರದೆಂದು ಅದರಲ್ಲಿ 'ಯೂಸರ್-ಸ್ಕೇಲಬಲ್=ನೋ' ಎಂದೂ ಸೇರಿಸಿದ್ದೇನೆ.

ಮಾಡಿ ಸೋತದ್ದು: ಇಡೀ ಪುಟದ 'ಬಾಡಿ' ಟ್ಯಾಗಿಗೆ 'ಓವರ್‌ಫ್ಲೋ-ಎಕ್ಸ್: ಹಿಡನ್' (ಪಕ್ಕಕ್ಕೆ ಹೊರಬಿದ್ದದ್ದನ್ನು ಅಡಗಿಸು) ಕೊಟ್ಟೆ. ಜಾರುವುದು ನಿಂತಿತು, ಜೊತೆಗೆ ಸರಾಸರಿಯ ಕಾಲಂ ಮಾಯವಾಯಿತು. ಮರುದಿನ ಬೆಳಿಗ್ಗೆ ದೊಡ್ಡಪ್ಪನ ಫೋನ್: 'ಚಾಲಿ ಸರಾಸರಿ ಇಷ್ಟು ಏರಿದೆಯೇನೋ?' ಏರಿರಲಿಲ್ಲ. ಕೊನೆಯಲ್ಲಿ ಕಾಣುವುದು ಸರಾಸರಿಯೇ ಎಂದುಕೊಂಡು ಅವನು ಗರಿಷ್ಠವನ್ನು ಓದಿದ್ದ. ಹೆದರಿ ತೆಗೆದುಹಾಕಿದೆ. ಆಮೇಲೆ ಕೋಷ್ಟಕದ ಸುತ್ತ ಒಂದು ಡಿವ್ (ಪೆಟ್ಟಿಗೆ) ಹಾಕಿ, ಹಿಡಿಸದಿದ್ದರೆ ಅದೊಂದೇ ಜಾರಲಿ ಎಂದು ಅದಕ್ಕೆ ಮಾತ್ರ 'ಓವರ್‌ಫ್ಲೋ-ಎಕ್ಸ್: ಆಟೋ' ಕೊಟ್ಟೆ. ಏನೂ ಬದಲಾಗಲಿಲ್ಲ, ಇಡೀ ಪುಟವೇ ಜಾರುತ್ತದೆ.

ಒಂದೇ ಫೋನು ಎರಡು ರೀತಿ ವರ್ತಿಸುವುದು ಹೇಗೆ?

ಗೆರೆಮನೆ:

ಫೋನ್ ಒಂದೇ ಮಾದರಿಯದು ಎಂದಿರಿ, ಸರಿ. ಪರದೆಯ ಅಗಲವೂ ಒಂದೇ ಎಂದು ಯಾರು ಹೇಳಿದರು?

ಅಪ್ಪಯ್ಯನ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ 'ಡಿಸ್‌ಪ್ಲೇ ಸೈಜ್' ಎಲ್ಲಿದೆ ನೋಡಿ. ವಯಸ್ಸಾದವರ ಫೋನುಗಳಲ್ಲಿ ಅದನ್ನು ಯಾರಾದರೂ ಒಂದು ಹೆಜ್ಜೆ ಹಿಗ್ಗಿಸಿಕೊಟ್ಟಿರುತ್ತಾರೆ, ನನ್ನ ಅತ್ತೆಯ ಫೋನಿನಲ್ಲಿ ಹಾಗೆ ಮಾಡಿದವಳು ನಾನೇ. ಹಿಗ್ಗಿಸಿದರೆ ಆಗುವುದೇನು? ಪರದೆಯಲ್ಲಿ ಅಡ್ಡಕ್ಕೆ 1080 ಚುಕ್ಕಿಗಳಿವೆ ಎಂದುಕೊಳ್ಳಿ. ನಿಮ್ಮ ಫೋನು ಮೂರು ಚುಕ್ಕಿಗೆ ಒಂದು ಸಿಎಸ್‌ಎಸ್ ಪಿಕ್ಸೆಲ್ ಎಂದು ಲೆಕ್ಕ ಹಾಕುತ್ತದೆ, ಹಾಗಾಗಿ ಅಗಲ 360. ಹಿಗ್ಗಿಸಿದ ಫೋನು ಒಂದು ಪಿಕ್ಸೆಲ್ಲಿಗೆ ಹೆಚ್ಚು ಚುಕ್ಕಿ ಬಳಸುತ್ತದೆ. 3.375 ಆದರೆ ಅಗಲ 320ಕ್ಕೆ ಇಳಿಯಿತು. ಗಾಜು ಅಷ್ಟೇ ಇದೆ, ಪುಟಕ್ಕೆ ಸಿಕ್ಕ ಜಾಗ ಕಡಿಮೆಯಾಯಿತು.

ಈಗ ನಿಮ್ಮ ಏಳು ಕ್ವೆರಿಗಳನ್ನು ನೋಡಿ. ಮೊದಲನೆಯದು ಶುರುವಾಗುವುದೇ 360ರಿಂದ. 320ರ ಫೋನಿಗೆ ಯಾವ ನಿಯಮವೂ ಅನ್ವಯವಾಗುವುದಿಲ್ಲ, ಅದು ನೇರ 1100ರ ಮೂಲ ನಿಯಮಕ್ಕೆ ಬಿದ್ದಿತು. ಅಪ್ಪಯ್ಯನಿಗೆ ಲ್ಯಾಪ್‌ಟಾಪಿನ ಪುಟ ಬಂದದ್ದು ಹೀಗೆ.

ಅಳೆದು ನೋಡುವುದಾದರೆ ಒಂದು ಎಚ್ಚರಿಕೆ. ಕೆಟ್ಟಿರುವ ಪುಟದಲ್ಲೇ ಅಳೆಯಬೇಡಿ. ಒಳಗಿನದು ಉಕ್ಕಿ ಹರಿದಾಗ ಮೊಬೈಲ್ ಬ್ರೌಸರ್ ಪುಟವನ್ನು ಕುಗ್ಗಿಸಿ ತೋರಿಸುವುದುಂಟು, ಆಗ ಪುಟದ ಅಗಲ ಹೇಳುವ 'ಇನ್ನರ್‌ವಿಡ್ತ್' ಸುಳ್ಳು ಸಂಖ್ಯೆ ಹೇಳುತ್ತದೆ. ವ್ಯೂಪೋರ್ಟ್ ಟ್ಯಾಗ್ ಮಾತ್ರ ಇರುವ ಖಾಲಿ ಪುಟವೊಂದನ್ನು ಮಾಡಿ ಅದರಲ್ಲಿ ಅಳೆಯಿರಿ.

ಏಳು ಕ್ವೆರಿಗಳನ್ನು ಅಳಿಸಿಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಶೂ ಡಬ್ಬಿಯೊಂದರಲ್ಲಿ ಹನ್ನೊಂದು ಹಳೆಯ ಫೋನುಗಳನ್ನು ಇಟ್ಟುಕೊಂಡು ಒಂದೊಂದಕ್ಕೂ ಬೇರೆ ಬೇರೆ ಸಿಎಸ್‌ಎಸ್ ಬರೆಯುತ್ತಿದ್ದೆ. ಹನ್ನೆರಡನೆಯ ಫೋನ್ ಬಂದ ದಿನ ಡಬ್ಬಿಯೂ ಸಾಲದಾಯಿತು, ಸಿಎಸ್‌ಎಸ್ಸೂ ಸಾಲದಾಯಿತು. ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಪುಟಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್' ಎಂಬ ಹೆಸರು ಕೊಟ್ಟಾಗ ಮುಂದಿಟ್ಟದ್ದು ಮೂರು ಸಂಗತಿ: ಹಿಗ್ಗಿ ಕುಗ್ಗುವ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ, ಮೀಡಿಯಾ ಕ್ವೆರಿ. ನಮ್ಮಲ್ಲಿ ಹೆಚ್ಚಿನವರು ಮೂರನೆಯದನ್ನು ಮಾತ್ರ ಹಿಡಿದುಕೊಂಡೆವು.

ತಿರುಗಿಸಿ ಬರೆಯಿರಿ. ಮೂಲ ನಿಯಮ ಕಿರಿದಾದ ಪರದೆಗೇ ಇರಲಿ. ಅಗಲ ಕೊಡಲೇಬೇಡಿ, 'ಮ್ಯಾಕ್ಸ್-ವಿಡ್ತ್: 1100ಪಿಎಕ್ಸ್' ಸಾಕು. ಸೂಚನೆಗಳು ಕೆಳಗೆ. ಆಮೇಲೆ ಬ್ರೌಸರ್ ಕಿಟಕಿಯ ಅಂಚು ಹಿಡಿದು ನಿಧಾನವಾಗಿ ಅಗಲ ಮಾಡುತ್ತ ಹೋಗಿ. ಎಲ್ಲಿ 'ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ' ಅನ್ನಿಸುತ್ತದೋ ಅಲ್ಲಿ ಒಂದು ಕ್ವೆರಿ. ನಿಮ್ಮ ಪುಟಕ್ಕೆ 'ಮಿನ್-ವಿಡ್ತ್: 48ಎಂ' (ಸಾಮಾನ್ಯ ಅಕ್ಷರದ ಅಳತೆಯ 48 ಪಟ್ಟು ಅಗಲದಿಂದ ಮೇಲಕ್ಕೆ) ಎಂಬ ಒಂದೇ ಒಂದು ಸಾಕಾಗಬಹುದು. ಅದರೊಳಗೆ ಮಾತ್ರ ಎರಡು ಕಾಲಂ.

ಇನ್ನು ಆ ಓವರ್‌ಫ್ಲೋ ಡಿವ್. ನೀವು ಮಾಡಿದ್ದು ಸರಿಯಾಗಿಯೇ ಇದೆ, ಅದಕ್ಕೆ ಅಡ್ಡ ನಿಂತದ್ದು ಆ 1100ರ ಅಗಲ, ಅದು ಹೋದ ಮೇಲೂ ಅಡ್ಡ ನಿಲ್ಲುವುದು ಗ್ರಿಡ್. ಅನೇಕರು ಎಡವುವ ಜಾಗ ಇದು, ಸ್ವಲ್ಪ ನಿಂತು ನೋಡಿ. '1ಎಫ್‌ಆರ್' ಎಂದರೆ 'ಉಳಿದ ಜಾಗದಲ್ಲಿ ನನ್ನ ಪಾಲು' ಎಂದು ನಾವು ಓದುತ್ತೇವೆ. ಬ್ರೌಸರ್ ಓದುವುದು 'ಮಿನ್‌ಮ್ಯಾಕ್ಸ್(ಆಟೋ, 1ಎಫ್‌ಆರ್)' ಎಂದು. ಆ 'ಆಟೋ'ದ ಅರ್ಥ, ಒಳಗಿರುವ ವಸ್ತು ಎಷ್ಟು ಕುಗ್ಗಬಲ್ಲದೋ ಅದಕ್ಕಿಂತ ಕಾಲಂ ಕುಗ್ಗದು. ನಿಮ್ಮ ಕೋಷ್ಟಕದಲ್ಲಿ ಸಾಲು ಮುರಿಯಬಾರದೆಂದು 'ನೋರ್ಯಾಪ್' ಕೊಟ್ಟಿದ್ದೀರಿ, ಪಂದ್ಯ ಕಟ್ಟುತ್ತೇನೆ. ಆಗ ಕೋಷ್ಟಕ ಕುಗ್ಗುವುದೇ ಇಲ್ಲ. ಅದರ ಸುತ್ತಿನ ಡಿವ್ ಅಷ್ಟೇ ಅಗಲಕ್ಕೆ ಹಿಗ್ಗುತ್ತದೆ, ಡಿವ್ ಇರುವ ಕಾಲಂ ಹಿಗ್ಗುತ್ತದೆ, ಪುಟವೂ ಹಿಗ್ಗುತ್ತದೆ. ಡಿವ್ ತನ್ನ ಪಾಲಿಗೆ ಬೇಕಾದಷ್ಟು ಜಾಗ ಸಿಕ್ಕಿತೆಂದು ಸುಮ್ಮನೆ ಕೂರುತ್ತದೆ. ಸ್ಕ್ರಾಲ್ ಮಾಡುವ ಅಗತ್ಯವೇ ಅದಕ್ಕೆ ಬರುವುದಿಲ್ಲ.

ಮದ್ದು ಒಂದು ಸಾಲಿನದು:

ಗ್ರಿಡ್-ಟೆಂಪ್ಲೇಟ್-ಕಾಲಮ್ಸ್: ಮಿನ್‌ಮ್ಯಾಕ್ಸ್(0, 1ಎಫ್‌ಆರ್);

ಅಗಲ ಪರದೆಯಲ್ಲಿ '250ಪಿಎಕ್ಸ್ ಮಿನ್‌ಮ್ಯಾಕ್ಸ್(0, 1ಎಫ್‌ಆರ್)'. ಅಥವಾ ಕೋಷ್ಟಕ ಇರುವ ಗ್ರಿಡ್ ಮಗುವಿಗೆ 'ಮಿನ್-ವಿಡ್ತ್: 0' ಕೊಡಿ, ಫಲ ಒಂದೇ. ಜಾಗ ಹಂಚುವ ಇನ್ನೊಂದು ವಿಧಾನವಾದ ಫ್ಲೆಕ್ಸ್‌ಬಾಕ್ಸಿನಲ್ಲೂ ಇದೇ ರೋಗ, ಮದ್ದು ಈ 'ಮಿನ್-ವಿಡ್ತ್: 0'.

ಕೊನೆಯದಾಗಿ ಆ 'ಯೂಸರ್-ಸ್ಕೇಲಬಲ್=ನೋ'. ಇವತ್ತೇ ತೆಗೆಯಿರಿ. ಕಣ್ಣು ಮಂಜಾದವರಿಗೂ ಫೋನಿನಲ್ಲಿ 11 ಪಿಕ್ಸೆಲ್ ಅಕ್ಷರ ತೋರಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿಕೊಳ್ಳುವ ದಾರಿಯನ್ನೂ ಮುಚ್ಚಿದ್ದೀರಿ. ಐಫೋನಿನ ಸಫಾರಿ ಐಒಎಸ್ 10ರಿಂದ ಈಚೆಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಂಡ್ರಾಯ್ಡ್ ಕ್ರೋಮ್ ಪಾಪ ನಿಮ್ಮ ಮಾತು ಕೇಳುತ್ತದೆ. 320 ಎಂಬುದು ಅಪ್ಪಯ್ಯನ ಫೋನಿನ ವಿಶೇಷವೂ ಅಲ್ಲ. ಅಡ್ಡಡ್ಡ ಸ್ಕ್ರಾಲ್ ಇಲ್ಲದೆ 320 ಪಿಕ್ಸೆಲ್ಲಿನಲ್ಲಿ ಓದಲು ಬರಬೇಕು ಎಂದು 2018ರ ಡಬ್ಲ್ಯೂಸಿಎಜಿ 2.1, ಅಂದರೆ ಜಾಲಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂಬ ಮಾರ್ಗಸೂಚಿ, ಕೇಳುತ್ತದೆ. 1280ರ ಲ್ಯಾಪ್‌ಟಾಪನ್ನು ಶೇಕಡ 400 ಹಿಗ್ಗಿಸಿದರೂ ಬರುವುದು ಅದೇ 320. ಕೋಷ್ಟಕಕ್ಕೆ ಮಾತ್ರ ಅಲ್ಲಿ ವಿನಾಯಿತಿ ಇದೆ, ಅದು ತನ್ನ ಪೆಟ್ಟಿಗೆಯೊಳಗೆ ಜಾರಬಹುದು.

ಕೊನೆಕೊಯ್ಲು:

ನಾನು ಕೋಡ್ ಬರೆಯುವವನಲ್ಲ, ಅಡಿಕೆ ಬೆಳೆಯುವವನು. ಮಗಳು ಈ ಚರ್ಚೆ ತೋರಿಸಿದಳು. ಮೇಲಿನ ಲೆಕ್ಕಾಚಾರ ನನಗೆ ಅರ್ಥವಾಗಲಿಲ್ಲ, ಆದರೆ ಕೋಷ್ಟಕದ ಬಗ್ಗೆ ಒಂದು ಮಾತು ಹೇಳಬಹುದು.

ಇಂಥದೇ ಇನ್ನೊಂದು ತಾಣದಲ್ಲಿ ಮೊಬೈಲಿಗೆಂದು ಒಂದೊಂದು ವಿಧಕ್ಕೂ ಒಂದೊಂದು ಚೀಟಿ ಮಾಡಿಟ್ಟಿದ್ದಾರೆ. ರಾಶಿ ಎಂಬ ಚೀಟಿ, ಅದರ ಕೆಳಗೆ ನಾಲ್ಕು ಸಂಖ್ಯೆ, ಆಮೇಲೆ ಬೆಟ್ಟೆಯ ಚೀಟಿ. ನೋಡಲು ಚೆಂದ. ಆದರೆ ನಾನು ನೋಡುವುದು ಒಂದು ವಿಧವನ್ನಲ್ಲ. ಚಾಲಿ ಇಷ್ಟಿದ್ದರೆ ರಾಶಿ ಎಷ್ಟಿದೆ, ಕೆಂಪುಗೋಟು ಎಷ್ಟು ಹಿಂದಿದೆ ಎಂದು ಕಣ್ಣು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಓಡಬೇಕು. ಚೀಟಿಯಲ್ಲಿ ಅದು ಆಗುವುದಿಲ್ಲ. ಹಿಂದಿನ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಳಗೆ ಇಳಿಯಬೇಕು.

ಮೊದಲು ಬೇಕಾದ್ದು ವಿಧ, ಅದರ ಪಕ್ಕದಲ್ಲೇ ಸರಾಸರಿ. ಆಮೇಲೆ ಗರಿಷ್ಠ. ಆವಕ ಕೊನೆಗಿರಲಿ. ಅದನ್ನು ತೆಗೆದುಹಾಕಬೇಡಿ, ಮಾಲು ಎಷ್ಟು ಬಂತು ಎಂಬುದೂ ಬೇಕು, ಆದರೆ ಅದನ್ನು ನೋಡಲು ಒಮ್ಮೆ ಬೆರಳು ಸರಿಸಲು ಬೇಸರವಿಲ್ಲ.

ಗೆರೆಮನೆ:

ಯಜಮಾನರು ಹೇಳಿದ್ದು ನೂರಕ್ಕೆ ನೂರು ಸರಿ. ಚೀಟಿ ಮಾಡುವ ಉಪಾಯವನ್ನೇ ನಾನು ಮುಂದೆ ಬರೆಯುವವಳಿದ್ದೆ, ನಾಚಿಕೆಯಾಗಿ ಕೈಬಿಟ್ಟೆ.

ಹಾಗಿದ್ದರೆ ಕೋಷ್ಟಕ ಕೋಷ್ಟಕವಾಗಿಯೇ ಇರಲಿ. ಕಾಲಂಗಳ ಕ್ರಮ ಬದಲಿಸಿ, ಎಚ್‌ಟಿಎಂಎಲ್‌ನಲ್ಲೇ ಬದಲಿಸಿ. ವಿಧದ ಕೋಶಗಳಿಗೆ 'ಪೊಸಿಷನ್: ಸ್ಟಿಕಿ, ಲೆಫ್ಟ್: 0' ಕೊಟ್ಟರೆ ಸಂಖ್ಯೆಗಳು ಸರಿದರೂ ಹೆಸರು ಎಡಕ್ಕೆ ಅಂಟಿಕೊಂಡಿರುತ್ತದೆ. ಆ ಕೋಶಗಳಿಗೆ ಹಿನ್ನೆಲೆ ಬಣ್ಣ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ 'ರಾಶಿ'ಯ ಕೆಳಗಿಂದ ಅಂಕಿಗಳು ಹಾದುಹೋಗುವುದು ಕಾಣುತ್ತದೆ. 'ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್' ಇದ್ದರೆ ಅಂಟಿಕೊಂಡ ಕೋಶದ ಗೆರೆ ಮಾತ್ರ ಸಂಖ್ಯೆಗಳ ಜೊತೆ ಸರಿದುಹೋಗುತ್ತದೆ; 'ಸೆಪರೇಟ್' ಮಾಡಿ ನಡುವಿನ ಅಂತರವನ್ನು 0 ಇಡಿ. ಸಂಖ್ಯೆಗಳು ಬಲಕ್ಕೆ ಹೊಂದಿಕೊಳ್ಳಲಿ. ಐದಂಕಿಯ ದರಗಳ ನಡುವೆ ನಾಲ್ಕಂಕಿಯದೊಂದು ಬಂದರೆ ಗೊತ್ತಾಗಬೇಕಲ್ಲ.

ಒತ್ತಕ್ಷರ:

ಇಬ್ಬರೂ ಇಂಗ್ಲಿಷ್ ಪುಟವನ್ನು ಸರಿಮಾಡುತ್ತಿದ್ದೀರಿ ಅನ್ನಿಸಿತು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಕನ್ನಡದ ಪುಟ ಕಿರಿದಾದಾಗ ಬೇರೆ ಕಡೆಯೂ ಮುರಿಯುತ್ತದೆ.

'ತಟ್ಟಿಬೆಟ್ಟೆ' ಎಂಬ ಪದವನ್ನೇ ತೆಗೆದುಕೊಳ್ಳಿ. ಎರಡು ಒತ್ತು ಕೆಳಗೆ ಇಳಿದಿವೆ, ಗುಣಿತದ ಗುಡಿಸು, ಎತ್ವಗಳು ಮೇಲೆ ಏರಿವೆ. ಸಾಲಿನ ಎತ್ತರ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 1.6ರಿಂದ 1.7 ಇಡಿ. ಗುಂಡಿಗಳಿಗೆ 'ಹೈಟ್: 36ಪಿಎಕ್ಸ್' ಎಂದು ಕಟ್ಟಿಹಾಕಿ ಉಳಿದದ್ದನ್ನು ಅಡಗಿಸಿದರಂತೂ ಒತ್ತುಗಳು ಕತ್ತರಿಸಿ ಬೀಳುತ್ತವೆ, 'ಬೆಟ್ಟೆ' ಹೋಗಿ 'ಬೆಟೆ' ಆಗುತ್ತದೆ. ಎತ್ತರವನ್ನು 'ಮಿನ್-ಹೈಟ್'ಗೆ ಬದಲಿಸಿ, ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ.

ಪದ ಒಡೆಯುವುದರ ಬಗ್ಗೆ. 'ವರ್ಡ್-ಬ್ರೇಕ್: ಬ್ರೇಕ್-ಆಲ್' ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಅದು ಕೆಂಪುಗೋಟನ್ನು 'ಕೆಂಪುಗೋ' ಎಂದು ಒಂದು ಸಾಲಿನಲ್ಲಿ ಬಿಟ್ಟು 'ಟು' ಒಂದನ್ನೇ ಕೆಳಗೆ ತಳ್ಳುತ್ತದೆ. 'ಓವರ್‌ಫ್ಲೋ-ರ್ಯಾಪ್: ಎನಿವೇರ್' ಸೂಚನೆಗಳ ಪಟ್ಟಿಗೆ ಒಳ್ಳೆಯದು, ಅಲ್ಲಿ ಯಾರಾದರೂ ಉದ್ದದ ಕೊಂಡಿ ಅಂಟಿಸಿದರೂ ಪುಟ ಹಿಗ್ಗುವುದಿಲ್ಲ. ಕೋಷ್ಟಕದೊಳಗೆ ಮಾತ್ರ ಅದನ್ನು ಬಿಡಬೇಡಿ. ಇಡೀ ಪದವೇ ಒಂದೊಂದು ಅಕ್ಷರದ ಅಗಲಕ್ಕೆ ಕುಗ್ಗಬಹುದೆಂದು ಕೋಷ್ಟಕ ತಿಳಿದುಕೊಂಡು, ಹೆಸರುಗಳು ಬಾವಿಹಗ್ಗದಂತೆ ಕೆಳಗಿಳಿಯುತ್ತವೆ. ನಾನು ಮಾಡುವುದು ಇಷ್ಟು: ಕೆಂಪು ಮತ್ತು ಗೋಟು ನಡುವೆ, ತಟ್ಟಿ ಮತ್ತು ಬೆಟ್ಟೆ ನಡುವೆ ಒಂದು 'ಡಬ್ಲ್ಯೂಬಿಆರ್' ಟ್ಯಾಗ್ ಇಡುತ್ತೇನೆ, ಆ ಕೋಶಕ್ಕೆ ನೋರ್ಯಾಪ್ ಕೊಡುವುದಿಲ್ಲ. ಜಾಗವಿದ್ದರೆ ಒಂದೇ ಪದ, ಇಲ್ಲದಿದ್ದರೆ ಅಲ್ಲೇ ಮುರಿಯುತ್ತದೆ, ಓದುವವರಿಗೆ ತೊಡಕಾಗುವುದಿಲ್ಲ.

ಇನ್ನೊಂದು. ಅಕ್ಷರಶೈಲಿ ಒಂದೊಂದು ಯಂತ್ರದಲ್ಲಿ ಒಂದೊಂದು. ಆಂಡ್ರಾಯ್ಡಿನಲ್ಲಿ ನೋಟೋ, ವಿಂಡೋಸಿನಲ್ಲಿ ನಿರ್ಮಲಾ ಅಥವಾ ತುಂಗಾ, ಆಪಲ್‌ನಲ್ಲಿ ಕನ್ನಡ ಸಂಗಮ್. ಅಗಲ ಬೇರೆ ಬೇರೆ. ಲ್ಯಾಪ್‌ಟಾಪಿನಲ್ಲಿ ಎರಡು ಸಾಲಿಗೆ ಹಿಡಿಸಿದ ಶೀರ್ಷಿಕೆ ಫೋನಿನಲ್ಲಿ ಮೂರಾಗಬಹುದು, ಕಿಟಕಿ ಎಷ್ಟೇ ಕುಗ್ಗಿಸಿ ನೋಡಿದರೂ ಅದು ನಿಮಗೆ ಕಾಣದು. ಸಾಲಿನ ಉದ್ದಕ್ಕೆ 'ಸಿಎಚ್' ಮಾನವನ್ನೂ ನಂಬಬೇಡಿ. ಅದು ಸೊನ್ನೆಯ ಅಗಲದ ಲೆಕ್ಕ. ನಮ್ಮ 'ಣ' 'ಖ'ಗಳ ಮೈಕಟ್ಟು ಅದಕ್ಕೆ ತಿಳಿಯದು.

ತೋಟದಂಚು:

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಕೂತು ಮಾಡಿದೆ.

ಡಿಸ್‌ಪ್ಲೇ ಸೈಜ್ ಹೌದು. ಖಾಲಿ ಪುಟದಲ್ಲಿ ಅಳೆದರೆ ನನ್ನದು 360, ಅಪ್ಪಯ್ಯನದು 320. ಹಿಗ್ಗಿಸಿಕೊಟ್ಟವರು ಯಾರು ಎಂದು ಕೇಳಿದೆ. 'ನೀನೇ ಅಲ್ಲವೋ, ಹೋದ ದೀಪಾವಳಿಗೆ ಬಂದಾಗ' ಎಂದ. ನೆನಪೇ ಇರಲಿಲ್ಲ. ನೋರ್ಯಾಪ್ ಕೂಡ ಇತ್ತು, ಗೆರೆಮನೆಯವರು ಪಂದ್ಯ ಗೆದ್ದರು.

ಏಳು ಕ್ವೆರಿ ಹೋಗಿ ಒಂದಾಗಿದೆ. ಮಿನ್‌ಮ್ಯಾಕ್ಸ್ ಹಾಕಿದ ಕ್ಷಣ ಪುಟ ಜಾರುವುದು ನಿಂತು ಕೋಷ್ಟಕ ಮಾತ್ರ ಜಾರಿತು. ಅದನ್ನು ನೋಡುತ್ತ ಸುಮ್ಮನೆ ನಾಲ್ಕು ಸಲ ಎಳೆದೆ. ಅಕ್ಷರ 16 ಪಿಕ್ಸೆಲ್ ಆಗಿದೆ. 320ರ ಪರದೆಯಲ್ಲಿ ವಿಧ, ಸರಾಸರಿ, ಗರಿಷ್ಠ ಪೂರ್ತಿ ಕಾಣುತ್ತವೆ, ಕನಿಷ್ಠ ಅರ್ಧ ಕಾಣುತ್ತದೆ. ಹಾಗೆ ಅರ್ಧ ಕಂಡದ್ದು ಒಳ್ಳೆಯದೇ ಆಯಿತು, ಇನ್ನೂ ಇದೆ ಎಂದು ಗೊತ್ತಾಗಿ ಅಪ್ಪಯ್ಯ ತಾನಾಗಿಯೇ ಬೆರಳು ಸರಿಸಿದ.

ಆದರೂ ಇಷ್ಟೆಲ್ಲ ಆದ ಮೇಲೆ ಒಂದು ಜಾರುವಿಕೆ ಉಳಿದಿತ್ತು, ನಾಲ್ಕೈದು ಪಿಕ್ಸೆಲ್ ಅಷ್ಟೇ. ಎಲ್ಲ ವಸ್ತುಗಳಿಗೂ ಕೆಂಪು ಔಟ್‌ಲೈನ್ ಕೊಟ್ಟು ಹುಡುಕಿದೆ. ಮೊದಲು ಬಾರ್ಡರ್ ಕೊಟ್ಟಿದ್ದೆ, ಬಾರ್ಡರೇ ಜಾಗ ತಿಂದು ಇನ್ನಷ್ಟು ಹಿಗ್ಗಿತು. ಔಟ್‌ಲೈನ್ ಜಾಗ ತಿನ್ನುವುದಿಲ್ಲ. ಸಿಕ್ಕಿಬಿದ್ದದ್ದು ಸಂಘದ ಕಟ್ಟಡದ ಫೋಟೋ. ಅದಕ್ಕೆ ಎತ್ತರ, ಅಗಲ ಎರಡನ್ನೂ ಸಿಎಸ್‌ಎಸ್‌ನಲ್ಲೇ ಪಿಕ್ಸೆಲ್‌ಗಳಲ್ಲಿ ಬರೆದಿದ್ದೆ.

ಉಳಿದ ಪ್ರಶ್ನೆ ಎರಡು. ಆ ಫೋಟೋ ನಿಧಾನವಾಗಿ ಬರುತ್ತದೆ, ನಮ್ಮ ಘಟ್ಟದ ಸಿಗ್ನಲ್ ನಿಮಗೆ ಗೊತ್ತು. 'ಇಂದಿನ ದರ' ಕೊಂಡಿಯನ್ನು ಅಪ್ಪಯ್ಯ ಒತ್ತುವ ಹೊತ್ತಿಗೆ ಸರಿಯಾಗಿ ಫೋಟೋ ಬಂದು ಎಲ್ಲವನ್ನೂ ಕೆಳಕ್ಕೆ ತಳ್ಳುತ್ತದೆ, ಬೆರಳು ಬೇರೆ ಯಾವುದರ ಮೇಲೋ ಬೀಳುತ್ತದೆ. ಎರಡನೆಯದು, ಸಂಘದ ಕಾರ್ಯದರ್ಶಿಯವರು ದಿನಾ ಈ ಪುಟವನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸುತ್ತಾರಂತೆ. ಮೂರು ಹಾಳೆ ಹೋಗುತ್ತಿದೆ ಎಂದು ಈಗ ಹೇಳುತ್ತಿದ್ದಾರೆ.

ಗೆರೆಮನೆ:

ಫೋಟೋಗೆ: ಅದರ ನಿಜವಾದ ಅಗಲ ಎತ್ತರಗಳನ್ನು ಎಚ್‌ಟಿಎಂಎಲ್ ಟ್ಯಾಗಿನಲ್ಲೇ 'ವಿಡ್ತ್', 'ಹೈಟ್' ಎಂದು ಬರೆಯಿರಿ, ಸಿಎಸ್‌ಎಸ್‌ನಲ್ಲಿ 'ಮ್ಯಾಕ್ಸ್-ವಿಡ್ತ್: 100%; ಹೈಟ್: ಆಟೋ'. ಫೋಟೋ ಬರುವ ಮೊದಲೇ ಬ್ರೌಸರ್ ಅನುಪಾತ ನೋಡಿ ಜಾಗ ಕಾದಿರಿಸುತ್ತದೆ, ಕೊಂಡಿ ಕದಲುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಏರಿಸಿದ್ದೀರಿ ಅನ್ನಿಸುತ್ತದೆ. 480, 960, 1600 ಅಗಲದ ಮೂರು ಪ್ರತಿ ಮಾಡಿ 'ಎಸ್‌ಆರ್‌ಸಿಸೆಟ್'ನಲ್ಲಿ ಕೊಡಿ, ಪರದೆಗೆ ಎಷ್ಟು ಬೇಕೋ ಅದನ್ನು ಬ್ರೌಸರ್ ಆರಿಸಿಕೊಳ್ಳುತ್ತದೆ. 'ಸೈಜಸ್' ಬರೆಯುವುದನ್ನು ಬಿಡಬೇಡಿ. ಬಿಟ್ಟರೆ ಫೋಟೋ ಪರದೆಯಷ್ಟೇ ಅಗಲ ಎಂದು ತಿಳಿದುಕೊಂಡು ಲ್ಯಾಪ್‌ಟಾಪಿನಲ್ಲಿ ಬೇಕಿಲ್ಲದ ದೊಡ್ಡ ಪ್ರತಿಯನ್ನು ತರಿಸುತ್ತದೆ.

ಕಾರ್ಯದರ್ಶಿಯವರ ಕಾಗದವೂ ಒಂದು ಪರದೆಯೇ. 'ಮೀಡಿಯಾ ಪ್ರಿಂಟ್' ಎಂದು ಒಂದು ಭಾಗ ಬರೆದು ಅದರೊಳಗೆ ಮೆನು, ಸೂಚನೆ, ಫೋಟೋ ಮೂರಕ್ಕೂ 'ಡಿಸ್‌ಪ್ಲೇ: ನನ್' ಕೊಡಿ, ಕೋಷ್ಟಕದ ಸುತ್ತಿನ ಡಿವ್‌ಗೆ 'ಓವರ್‌ಫ್ಲೋ: ವಿಸಿಬಲ್'. ಫಲಕದ ಮೇಲಿನ ಹಾಳೆಯನ್ನು ಜನ ನಿಂತು ಎರಡು ಮಾರು ದೂರದಿಂದ ಓದುತ್ತಾರೆ. ಅಲ್ಲಿ ಅಕ್ಷರ 20 ಪಾಯಿಂಟ್ ಇರಲಿ, ದಿನಾಂಕ ಅದಕ್ಕಿಂತ ದೊಡ್ಡದಿರಲಿ.

ತೋಟದಂಚು:

ಒಂದೇ ಹಾಳೆಗೆ ಬಂತು. ದಿನಾಂಕ 28 ಪಾಯಿಂಟ್ ಇಟ್ಟೆ. ನಿನ್ನೆಯ ಹಾಳೆಯನ್ನು ತೆಗೆಯದೆ ಅದರ ಪಕ್ಕದಲ್ಲೇ ಇವತ್ತಿನದನ್ನು ಅಂಟಿಸಿದ್ದಾರೆ.